ಪದಚರ್ಚೆ: ‘ಫಿಶ್ ಕ್ಲೀನಿಂಗ್ ಸ್ಟೇಷನ್’ಗೆ ದಕ್ಕೆಯವರಿಗೆ ಅರ್ಥವಾಗುವ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ.

ಮಲ್ಪೆ ಮತ್ತು ಮಂಗಳೂರಿನ ದಕ್ಕೆಯಲ್ಲಿ, ಅಂದರೆ ದೋಣಿಗಳು ಬಂದು ಮೀನು ಇಳಿಸುವ ಜಾಗದಲ್ಲಿ, ಕೆಲಸ ಮಾಡುವವರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲ ಇಂಗ್ಲಿಷ್‌ನಲ್ಲಿದೆ. ಅದರಲ್ಲಿರುವುದು ಅಮೆರಿಕ, ಆಸ್ಟ್ರೇಲಿಯಾದ ಸಂಗತಿ. ಅಲ್ಲಿ ಗಾಳ ಹಾಕಿ ಮೀನು ಹಿಡಿದವರು ಪಿಯರ್ (ನೀರಿನೊಳಕ್ಕೆ ಚಾಚಿದ ಅಟ್ಟಣೆ) ಮೇಲೆಯೇ ಅದನ್ನು ಕ್ಲೀನ್ ಮಾಡಿಕೊಂಡು ಮನೆಗೆ ಹೋಗಲಿ ಅಂತ ಒಂದು ಮೇಜು, ನಲ್ಲಿ, ಮುಚ್ಚಳವಿರುವ ಡಬ್ಬ, ಕೆಲವು ಕಡೆ ತಲೆ ಮತ್ತು ಮುಳ್ಳನ್ನು ಅರೆಯುವ ಯಂತ್ರವನ್ನೂ ಇಟ್ಟಿರುತ್ತಾರೆ. ಇದಕ್ಕೆ ಫಿಶ್ ಕ್ಲೀನಿಂಗ್ ಸ್ಟೇಷನ್ ಅಂತ ಹೆಸರು.

ಕನ್ನಡದಲ್ಲಿ ಏನನ್ನೋಣ? ‘ಮೀನು ಸ್ವಚ್ಛತಾ ಕೇಂದ್ರ’ ಅಂತ ಬರೆದರೆ ಸರ್ಕಾರಿ ಬೋರ್ಡಿನಲ್ಲಿ ಸುಲಭವಾಗಿ ಪಾಸಾಗುತ್ತದೆ. ಆದರೆ ಕೇಂದ್ರ ಅಂದ ಕೂಡಲೇ ಕಚೇರಿ ನೆನಪಾಗುತ್ತದೆ, ಅಲ್ವಾ? ನನಗೆ ಒಪ್ಪಿತವಾಗಿರುವುದು ‘ಕಟ್ಟೆ’. ಸಿಮೆಂಟಿನದ್ದೋ ಕಲ್ಲಿನದ್ದೋ ಎತ್ತರದ ಜಾಗ, ನಾಲ್ಕು ಜನ ಬಂದು ಬಳಸುವಂಥದ್ದು, ಯಾರಪ್ಪಣೆಯೂ ಬೇಡ. ‘ಮೀನು ಕ್ಲೀನ್ ಮಾಡುವ ಕಟ್ಟೆ’ ಅಂದರೆ ದಕ್ಕೆಯಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ.

‘ಕ್ಲೀನ್’ ಬೇಡ, ಅಚ್ಚಕನ್ನಡ ಬೇಕು ಅನ್ನುವವರಿದ್ದಾರೆ. ಆದರೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಹತ್ತಿರದ ಮೀನು ಮಾರುಕಟ್ಟೆಯಲ್ಲಿ ನಿಂತು ಕೇಳಿ ನೋಡಿ. ‘ಕ್ಲೀನ್ ಮಾಡಿ ಕೊಡಿ’, ‘ಕಟ್ ಮಾಡಿ ಕೊಡಿ’ ಅನ್ನುವವರೇ ಜಾಸ್ತಿ. ಬೂತಾಯಿ ಮೀನಾದರೆ ಹುರುಪೆ (ಮೈಮೇಲಿನ ಚಿಪ್ಪು) ತೆಗೆದು, ತಲೆ ಮುರಿದು, ಕರುಳು ಎಳೆಯಬೇಕು, ಅಂಜಲ್‌ನಂಥ ದೊಡ್ಡ ಮೀನಾದರೆ ತುಂಡು ಮಾಡಬೇಕು, ಸಿಗಡಿಯಾದರೆ ಸಿಪ್ಪೆ ಸುಲಿಯಬೇಕು, ಒಣಗಿಸುವುದಕ್ಕಾದರೆ ಸೀಳಬೇಕು. ಹೆರೆಯುವುದು, ಕತ್ತರಿಸುವುದು, ಸುಲಿಯುವುದು, ಸೀಳುವುದು ಇಷ್ಟನ್ನೂ ಒಟ್ಟಿಗೆ ಹೇಳುವ ಮಾತು ಈಗ ಜನರ ಬಾಯಲ್ಲಿ ಕ್ಲೀನ್ ಮಾಡುವುದೇ. ‘ಶುಚಿಗೊಳಿಸು’ ಅಂದರೆ ಬರೀ ತೊಳೆದಂತಾಗುತ್ತದೆ.

ಪಿಯರ್‌ಗೆ ‘ದಕ್ಕೆ’ ನಮ್ಮಲ್ಲೇ ಇದೆ. ಮರಾಠಿಯಲ್ಲೂ ಈ ಮಾತಿದೆ, ಮುಂಬಯಿಯ ಭಾವುಚಾ ಧಕ್ಕಾ ನಮ್ಮ ಕಡೆಯ ಎಷ್ಟೋ ಮಂದಿಗೆ ಗೊತ್ತು. ನಾನು ಅಲ್ಪಪ್ರಾಣ ಹಾಕಿಯೇ ಬರೆಯುತ್ತೇನೆ. ‘ಧಕ್ಕೆ’ ಅಂತ ಬರೆದರೆ ಪೆಟ್ಟು, ಹಾನಿ ಅನ್ನುವ ಅರ್ಥದ ಧಕ್ಕೆಯ ಜೊತೆ ಸುಮ್ನೆ ಗೊಂದಲ.

ಕಷ್ಟ ಇರುವುದು ‘ಫಿಶ್ ವೇಸ್ಟ್ ಡಿಸ್ಪೋಸಲ್’ನಲ್ಲಿ. ‘ಮೀನಿನ ತ್ಯಾಜ್ಯ ವಿಲೇವಾರಿ’ ಅಂತ ಎಲ್ಲರೂ ಬರೆಯುತ್ತಾರೆ. ನಾನು ಇದನ್ನು ಬಿಡಬೇಕು ಅಂತಿದ್ದೇನೆ. ವಿಲೇವಾರಿ ಅನ್ನುವುದು ಕಡತಕ್ಕೂ ಆಗುತ್ತದೆ, ಅರ್ಜಿಗೂ ಆಗುತ್ತದೆ. ಕೈಯಲ್ಲಿ ಕರುಳಿನ ಬಕೆಟ್ ಹಿಡಿದು ನಿಂತವರಿಗೆ ಎಲ್ಲಿಗೆ ಹಾಕಬೇಕು ಅಂತ ಅದು ಹೇಳುವುದಿಲ್ಲ. ತ್ಯಾಜ್ಯ ಅಂದರೆ ಬಿಸಾಡುವುದಕ್ಕೇ ಇರುವುದು. ಇಲ್ಲಿ ಅದು ನಿಜವೂ ಅಲ್ಲ. ಉಳ್ಳಾಲ, ಮಲ್ಪೆ ಕಡೆ ಫಿಶ್‌ಮೀಲ್ ಕಾರ್ಖಾನೆಗಳಿವೆ, ಮೀನನ್ನೂ ತಲೆ-ಮುಳ್ಳನ್ನೂ ಬೇಯಿಸಿ, ಹಿಂಡಿ, ಎಣ್ಣೆ ಬೇರೆ ಮಾಡಿ, ಉಳಿದದ್ದನ್ನು ಒಣಗಿಸಿ ಹಿಟ್ಟು ಮಾಡುತ್ತಾರೆ, ಅದು ಕೋಳಿ ಮತ್ತು ಸಿಗಡಿಯ ಆಹಾರಕ್ಕೆ ಹೋಗುತ್ತದೆ. ಸಿಗಡಿ ಸಿಪ್ಪೆಯಿಂದ ಕೈಟಿನ್ ಅನ್ನುವ ಉಪಯುಕ್ತ ಪದಾರ್ಥ ತೆಗೆಯಬಹುದು. ಹಿಂದೆ ಬೂತಾಯಿಯ ಎಣ್ಣೆ ತೆಗೆದು ಉಳಿದದ್ದು ತೋಟಕ್ಕೆ ಗೊಬ್ಬರವಾಗುತ್ತಿತ್ತು. ಅದಕ್ಕೆ ಒಂದೇ ಪದದಲ್ಲಿ ಮುಗಿಸದೆ ‘ತಲೆ, ಕರುಳು, ಹುರುಪೆ, ಮುಳ್ಳು’ ಅಂತ ಬಿಡಿಸಿ ಬರೆಯೋಣ ಅನ್ನಿಸುತ್ತದೆ. ಬೋರ್ಡ್ ಉದ್ದವಾಗುತ್ತದೆ, ಆಗಲಿ.

ಬಿಡಿಸಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಒಂದೊಂದು ಭಾಗದಿಂದ ಒಂದೊಂದು ತೊಂದರೆ. ಫ್ಲೋರಿಡಾದ ಪಿಯರ್‌ಗಳಲ್ಲಿ ದೊಡ್ಡ ಮೀನಿನ ಮುಳ್ಳು ಎಸೆದರೆ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ನುಂಗಿ, ಗಂಟಲಲ್ಲಿ ಸಿಕ್ಕಿಕೊಂಡು ಅಥವಾ ಕೊಕ್ಕಿನ ಚೀಲ ಹರಿದು ಸಾಯುತ್ತವೆ. ಉತ್ತರ ಆಸ್ಟ್ರೇಲಿಯಾದಲ್ಲಿ ನೀರಿನಂಚಿಗೆ ಕರುಳು ಹಾಕಿದರೆ ಮೊಸಳೆ ಅದೇ ಜಾಗಕ್ಕೆ ಬರುವುದನ್ನು ಕಲಿಯುತ್ತದೆ. ನಮ್ಮಲ್ಲಿ ಹೆಜ್ಜಾರ್ಲೆಯ ಜಾಗದಲ್ಲಿ ಕಾಗೆ, ಗಿಡುಗ, ಬೀದಿನಾಯಿ ಅಂತ ಅನುವಾದದಲ್ಲಿ ಬದಲಿಸಬಾರದು, ಅದು ಅಲ್ಲಿಯ ವಿಷಯ, ಹಾಗೇ ಇರಲಿ.

ಈಗ ನನಗೆ ತುಂಬಾ ಖುಷಿ ಕೊಟ್ಟ ಪದಕ್ಕೆ ಬರುತ್ತೇನೆ. ಕಡಲಿಗೆ ಕಸ ಸುರಿಯುವುದರ ಬಗ್ಗೆ ಇರುವ ಅಮೆರಿಕದ 1972ರ ಕಾಯ್ದೆಯಲ್ಲಿ ಮೀನಿನ ಕಸವನ್ನು ತೆರೆದ ಕಡಲಿಗೆ ಹಾಕಲು ಸಾಮಾನ್ಯವಾಗಿ ಪರವಾನಗಿ ಬೇಡ, ಆದರೆ ಬಂದರಿನೊಳಗೆ ಮತ್ತು ‘ಎನ್‌ಕ್ಲೋಸ್ಡ್ ಕೋಸ್ಟಲ್ ವಾಟರ್ಸ್’ಗೆ ಈ ಸಡಿಲಿಕೆ ಇಲ್ಲ. ‘ಆವೃತ ಕರಾವಳಿ ಜಲ’ ಅಂತ ಬರೆದರೆ ಯಾರಿಗೆ ತಿಳಿಯುತ್ತದೆ? ನಮ್ಮಲ್ಲಿ ‘ಅಳಿವೆ’ ಇದೆ, ನದಿ ಕಡಲಿಗೆ ಸೇರುವ ಬಾಯಿ. ಮಂಗಳೂರಿನ ಹಳೆ ಬಂದರು ಇರುವುದು ಅಳಿವೆಯ ಒಳಗೆ, ಗುರುಪುರ ನದಿಯ ದಡದಲ್ಲಿ, ಎದುರಿಗೆ ಬೆಂಗ್ರೆಯ ಮರಳುದಿಣ್ಣೆ. ಅಲ್ಲಿ ಹಾಕಿದ್ದು ಕಡಲಿಗೆ ಸಲೀಸಾಗಿ ಹೋಗುವುದಿಲ್ಲ, ಅಲ್ಲೇ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ, ಇದ್ದ ಮೀನಿಗೂ ಉಸಿರು ಕಟ್ಟುತ್ತದೆ. ದೋಣಿಯವರಿಗೆ ಅಳಿವೆಯ ಒಳಗೆ, ಹೊರಗೆ ಅನ್ನುವುದು ದಿನದ ಮಾತು. ‘ಅಳಿವೆಯ ಒಳಗೆ ಮೀನಿನ ಕರುಳು ಹಾಕಬೇಡಿ’ ಅಂದರೆ ಕಾಯ್ದೆಯ ಮುಖ್ಯ ಅರ್ಥ ಬಂದುಬಿಡುತ್ತದೆ.

ನನ್ನ ಕರಡು ಬೋರ್ಡ್ ಹೀಗಿದೆ: ‘ಮೀನು ಕ್ಲೀನ್ ಮಾಡುವ ಕಟ್ಟೆ. ತಲೆ, ಕರುಳು, ಹುರುಪೆ, ಮುಳ್ಳು ಈ ಡಬ್ಬಕ್ಕೆ. ಅಳಿವೆಯ ನೀರಿಗೆ ಹಾಕಬೇಡಿ. ಮುಚ್ಚಳ ಹಾಕಿ ಹೋಗಿ.’

ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟು. ಕುಂದಾಪುರ, ಭಟ್ಕಳ, ಕಾರವಾರ ಕಡೆಯವರು ಕ್ಲೀನ್ ಮಾಡುವುದಕ್ಕೆ ಮನೆಯಲ್ಲಿ ಯಾವ ಕ್ರಿಯಾಪದ ಬಳಸುತ್ತೀರಿ? ಹಿರಿಯರು ಹೇಳುತ್ತಿದ್ದ ಮಾತಿದ್ದರೆ ಅದೂ ಬೇಕು. ಅರೆದ ಮೀನಿನ ಕಸಕ್ಕೆ, ಅಂದರೆ ಯಂತ್ರದಿಂದ ಗಂಜಿಯಾಗಿ ಬರುವುದಕ್ಕೆ, ಏನನ್ನಬಹುದು? ಮತ್ತೆ ಮೀನು ತೊಳೆದ ನೀರು. ಮನೆಯಲ್ಲಿ ಅದನ್ನು ಕರಿಬೇವಿನ ಬುಡಕ್ಕೆ ಹೊಯ್ಯುತ್ತಾರೆ, ಕೈಪಿಡಿಯಲ್ಲಿ ಅದರ ಮೇಲೆ ಒಂದಿಡೀ ಪುಟವಿದೆ. ಒಂದು ಚಿಕ್ಕ ಹೆಸರು ಇದ್ದರೆ ದಯವಿಟ್ಟು ತಿಳಿಸಿ, ಯಾವ ಊರಿನ ಬಳಕೆ ಅಂತಲೂ ಬರೆಯಿರಿ.