ಪೋಲೋ ಜಿಟಿ ಲೋ ಮಾಡಿಸಬೇಕು: ಬರೀ ಸ್ಪ್ರಿಂಗ್ ಸಾಕಾ, ಶಾಕಪ್ಪೂ ಬೇಕಾ?

ಪ್ರಶ್ನೆ (ಪೋಲೋ ಮಾಲೀಕ, ಬೆಂಗಳೂರು):
ನಮಸ್ಕಾರ ಸರ್. ನನ್ನದು 2015ರ ಪೋಲೋ ಜಿಟಿ ಟಿಎಸ್‌ಐ, 1.2 ಲೀಟರ್, 105 ಪಿಎಸ್‌ನದು. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು. ಎಂಜಿನ್ ಬಗ್ಗೆ ದೂರಿಲ್ಲ. ಆದರೆ ತಿಂಗಳಿಗೊಮ್ಮೆ ಊರಿಗೆ, ಬೆಳ್ತಂಗಡಿ ಕಡೆ ಹೋಗುತ್ತೇನೆ. ಚಾರ್ಮಾಡಿ ತಿರುವುಗಳಲ್ಲಿ ಗಾಡಿ ದೋಣಿ ಥರ ವಾಲುತ್ತದೆ. ಹೈವೇಯಲ್ಲಿ ನೂರು ದಾಟಿದರೆ ಹಿಂದುಗಡೆ ತೇಲಿದ ಹಾಗಾಗುತ್ತದೆ. ಮೇಲಾಗಿ ಚಕ್ರಕ್ಕೂ ಫೆಂಡರ್‌ಗೂ ನಡುವೆ ಅಷ್ಟು ಜಾಗ ಕಾಣುವುದು ನನಗೆ ಇಷ್ಟವಿಲ್ಲ, ಸುಳ್ಳು ಯಾಕೆ ಹೇಳಲಿ.

40 ಮಿಮೀ ಇಳಿಸುವ ಸ್ಪ್ರಿಂಗ್ ಸೆಟ್ ನೋಡಿಟ್ಟಿದ್ದೇನೆ. ಒಬ್ಬ ಗೆಳೆಯ ಕಾಯಿಲೋವರ್ (ಎತ್ತರ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದ ಸ್ಪ್ರಿಂಗ್, ಶಾಕಪ್ ಜೋಡಿ ಸೆಟ್) ಹಾಕಿಸು ಅನ್ನುತ್ತಾನೆ. ಇದೇ ಕಾರಲ್ಲಿ ಅಮ್ಮ, ಹೆಂಡತಿ, ಮಗಳು ಎಲ್ಲರೂ ಓಡಾಡಬೇಕು. ಯಾವುದು ಸರಿ?

ಉತ್ತರ (ಸಸ್ಪೆನ್ಶನ್ ಗ್ಯಾರೇಜಿನವರು, ಮೈಸೂರು):
ಮೊದಲು ಮೂರು ವಿಷಯ ಹೇಳಿ. ಗಾಡಿ ಎಷ್ಟು ಓಡಿದೆ? ಶಾಕಪ್ ಯಾವತ್ತಾದರೂ ಬದಲಾಗಿದೆಯಾ? ಈಗಿರುವ ಟೈರ್ ಸೈಜ್ ಯಾವುದು?

ಪೋಲೋ ಮಾಲೀಕ:
82,000 ಕಿಮೀ. ಶಾಕಪ್ ಬದಲಾದ ಬಿಲ್ ಯಾವುದೂ ಇಲ್ಲ. ಹಳೇ ಮಾಲೀಕರು ಬೇರೆ ಅಲಾಯ್ ಹಾಕಿಸಿ 195/55 ಆರ್15 ಮಾಡಿಸಿದ್ದಾರೆ. ಕಂಪನಿಯದು 185/60 ಆರ್15.

ಉತ್ತರ:
ಹಾಗಾದರೆ ನೀವು ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಿದ್ದೀರಿ. ಗಾಡಿ ತೇಲುವುದು ಒಂದು, ಗಾಡಿ ಎತ್ತರ ಕಾಣುವುದು ಇನ್ನೊಂದು. ಎರಡಕ್ಕೂ ಒಂದೇ ಔಷಧಿ ಅಂತ ಮಾರುವವರು ಮಾರುತ್ತಾರೆ.

ತೇಲುವುದು ಶಾಕಪ್ ಸೋತಿದ್ದರಿಂದ. ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಒಮ್ಮೆ ಕುಗ್ಗಿದ ಸ್ಪ್ರಿಂಗ್ ಕುಣಿಯುತ್ತಲೇ ಇರುತ್ತದೆ, ಆ ಕುಣಿತ ನಿಲ್ಲಿಸುವುದು ಶಾಕಪ್. ನಮ್ಮ ರಸ್ತೆಯಲ್ಲಿ 82,000 ಓಡಿದ ಮೂಲ ಶಾಕಪ್‌ನಲ್ಲಿ ಆ ಶಕ್ತಿ ಜಾಸ್ತಿ ಉಳಿದಿರುವುದಿಲ್ಲ. ಇದರ ಮೇಲೆ ಬಿಗಿಯಾದ ಹೊಸ ಸ್ಪ್ರಿಂಗ್ ಹಾಕಿದರೆ ಏನಾಗುತ್ತದೆ? ಹಳೇ ಸ್ಪ್ರಿಂಗನ್ನೇ ಹಿಡಿಯಲಾಗದ ಶಾಕಪ್ ಹೊಸದನ್ನು ಹೇಗೆ ಹಿಡಿಯುತ್ತದೆ? ಸಣ್ಣ ಗುಂಡಿಗೂ ಕುಕ್ಕುತ್ತದೆ, ದೊಡ್ಡ ಅಲೆಗೆ ಮೊದಲಿನ ಹಾಗೇ ತೇಲುತ್ತದೆ. ಹೊಸ ಸ್ಪ್ರಿಂಗ್ ಹಾಕಿಸಿಕೊಂಡು ತಿಂಗಳೊಳಗೆ ಬೇಸರದಿಂದ ವಾಪಸ್ ಬರುವವರಲ್ಲಿ ಮುಕ್ಕಾಲು ಪಾಲು ಇದೇ ಕಥೆ.

ಈಗ 40 ಮಿಮೀ ವಿಷಯ. ಪೆಟ್ಟಿಗೆ ಮೇಲೆ 40 ಅಂತ ಬರೆದಿರುವುದು ಆ ಸ್ಪ್ರಿಂಗ್ ಯಾವ ಗಾಡಿಗೆ ಮಾಡಿದ್ದೋ ಆ ಗಾಡಿಯ ಲೆಕ್ಕ. ಯುರೋಪಿನ ಪೋಲೋಗಿಂತ ನಮ್ಮ ಪೋಲೋ ಎತ್ತರಕ್ಕೆ ನಿಂತಿರುತ್ತದೆ, ಇಲ್ಲಿನ ರಸ್ತೆ ನೋಡಿಯೇ ಕಂಪನಿ ಹಾಗೆ ಮಾಡಿದ್ದು. ಅಲ್ಲಿಗೆ ಮಾಡಿದ ಸ್ಪ್ರಿಂಗ್ ಇಲ್ಲಿ ಹಾಕಿದರೆ 40ರ ಬದಲು 50, 55 ಇಳಿದರೂ ಆಶ್ಚರ್ಯವಿಲ್ಲ. ನಿಮ್ಮ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 165 ಮಿಮೀ. ಅದೂ ಖಾಲಿ ಗಾಡಿಗೆ. ಟೈರ್ ಸೈಜಿನ ಮೊದಲ ಅಂಕಿ ಮಿಮೀ ಲೆಕ್ಕದ ಅಗಲ, ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಎತ್ತರ ಅನ್ನುವುದು. ಟೈರ್ ಬದಲಾಗಿದ್ದರಿಂದ ಸುಮಾರು 4 ಮಿಮೀ ಆಗಲೇ ಹೋಗಿದೆ. ಉಳಿದಿದ್ದನ್ನು ನೀವೇ ಕಳೆಯಿರಿ.

ಹೊಟ್ಟೆ ಉಜ್ಜುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡದು ಒಳಗೆ ಇದೆ. ಚಕ್ರ ಮೇಲಕ್ಕೆ ಹೋಗಲು ಬಂಪ್ ಸ್ಟಾಪ್ (ಕೊನೆಯ ತಡೆಯಾಗಿರುವ ರಬ್ಬರ್ ತುಂಡು) ತಾಗುವವರೆಗೆ 70 ಮಿಮೀ ಜಾಗ ಇದೆ ಅಂತ ಇಟ್ಟುಕೊಳ್ಳಿ. 30 ಇಳಿಸಿದರೆ ಉಳಿಯುವುದು 40. ಸ್ಪ್ರಿಂಗ್ ನುಂಗುವ ಪೆಟ್ಟು ಅದು ಕುಗ್ಗುವ ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ. 70ರ ವರ್ಗ 4,900. 40ರ ವರ್ಗ 1,600. ಅಂದರೆ ಮೊದಲು ನುಂಗುತ್ತಿದ್ದ ಗುಂಡಿಯನ್ನೇ ಈಗಲೂ ನುಂಗಬೇಕಾದರೆ ಸ್ಪ್ರಿಂಗ್ ಸುಮಾರು 3 ಪಟ್ಟು ಬಿಗಿ ಇರಬೇಕು. ಮಾರುಕಟ್ಟೆಯ ಯಾವ ಲೋವರಿಂಗ್ ಸ್ಪ್ರಿಂಗೂ ಅಷ್ಟು ಬಿಗಿ ಇರುವುದಿಲ್ಲ, ಇದ್ದರೆ ನಿಮ್ಮ ಅಮ್ಮ ಕಾರು ಹತ್ತುವುದಿಲ್ಲ. ಮಿಕ್ಕ ಪೆಟ್ಟೆಲ್ಲ ಬಂಪ್ ಸ್ಟಾಪಿಗೆ, ಶಾಕಪ್ಪಿನ ಮೇಲ್ತುದಿ ಹಿಡಿದಿರುವ ಟಾಪ್ ಮೌಂಟಿಗೆ, ಕೊನೆಗೆ ಬಾಡಿಗೆ ಹೋಗುತ್ತದೆ.

ಪೋಲೋ ಮಾಲೀಕ:
ಆದರೆ ಸರ್, ಕೆಳಗಿದ್ದರೆ ತಿರುವಿನಲ್ಲಿ ಕಡಿಮೆ ವಾಲಬೇಕು ಅಲ್ವಾ? ರೇಸ್ ಕಾರುಗಳೆಲ್ಲ ನೆಲಕ್ಕೆ ಅಂಟಿಕೊಂಡೇ ಇರುತ್ತವೆ.

ಉತ್ತರ:
ಒಳ್ಳೇ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಲಸ ಮಾಡುವವರಲ್ಲೂ ಬಹಳ ಜನ ಇಲ್ಲೇ ಎಡವುತ್ತಾರೆ.

ನಿಮ್ಮ ಗಾಡಿಯ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ ಒಂದೇ ಕಂಬದಲ್ಲಿ), ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಜೋಡಿಸುವ, ತಿರುಚಿಕೊಳ್ಳುವ ಅಡ್ಡ ತೊಲೆ). ಸ್ವಿಫ್ಟ್, ಐ20, ಬಲೆನೋ ಎಲ್ಲವೂ ಇದೇ ಜಾತಿ. ತಿರುವಿನಲ್ಲಿ ಬಾಡಿ ಒಂದು ಬಿಂದುವಿನ ಸುತ್ತ ವಾಲುತ್ತದೆ. ಕಣ್ಣಿಗೆ ಕಾಣುವ ಬಿಂದು ಅಲ್ಲ, ಲೆಕ್ಕದ್ದು. ರೋಲ್ ಸೆಂಟರ್ ಅಂತಾರೆ. ಅದು ಎಲ್ಲಿರುತ್ತದೆ ಅನ್ನುವುದು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು) ಯಾವ ಕೋನದಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಗಾಡಿಯ ಭಾರದ ಮಧ್ಯಬಿಂದು ಈ ರೋಲ್ ಸೆಂಟರಿನಿಂದ ಎಷ್ಟು ಮೇಲಿದೆಯೋ ಅಷ್ಟು ಉದ್ದದ ಸನ್ನೆ ಹಾಕಿ ಗಾಡಿಯನ್ನು ವಾಲಿಸಿದ ಹಾಗೆ.

ನೀವು 30 ಮಿಮೀ ಇಳಿಸಿದಿರಿ. ಭಾರದ ಬಿಂದು 30 ಇಳಿಯಿತು. ಸರಿ. ಆದರೆ ಲೋವರ್ ಆರ್ಮಿನ ಕೋನ ಬದಲಾಗಿ ರೋಲ್ ಸೆಂಟರ್ 30ಕ್ಕಿಂತ ಜಾಸ್ತಿ ಇಳಿಯಿತು. ಸನ್ನೆ ಉದ್ದವಾಯಿತು! ಗಾಡಿಗೆ ವಾಲುವ ಆಸೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅದನ್ನು ತಡೆಯುತ್ತಿರುವುದು ಹೊಸ ಸ್ಪ್ರಿಂಗಿನ ಬಿಗಿ ಅಷ್ಟೇ. ಜೊತೆಗೆ ಆರ್ಮ್ ಹೊರತುದಿ ಮೇಲಾಗಿ ತಿರುಗಿ ನಿಂತುಬಿಟ್ಟರೆ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಸಿಗಬೇಕಾದ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಗೆ ವಾಲುವ ಕೋನ, ಸಿಗುವುದಿಲ್ಲ. ಟೈರ್ ಅಂಚಿನ ಮೇಲೆ ಓಡುತ್ತದೆ.

ರೇಸ್ ಕಾರಿನವರು ಎತ್ತರ ಇಳಿಸಿ ಸುಮ್ಮನಾಗುವುದಿಲ್ಲ. ಬಾಲ್ ಜಾಯಿಂಟ್ ಜಾಗ ಬದಲಿಸುತ್ತಾರೆ, ಆರ್ಮ್ ಬದಲಿಸುತ್ತಾರೆ. ಅವರಿಗೆ ಹಂಪ್ಸ್ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್ ಸುಮಾರು 3.7 ಕಿಮೀ ಉದ್ದ ಇದೆ, ಅಷ್ಟರಲ್ಲಿ ಒಂದು ಗುಂಡಿ ತೋರಿಸಿ ನೋಡೋಣ. ನಮ್ಮ ದಾರಿಗೆ ಹತ್ತಿರ ಬರುವುದು ಕಚ್ಚಾ ರಸ್ತೆಯ ರ‍್ಯಾಲಿ ಕಾರು. ಅವರು ಇಳಿಸುವುದಿಲ್ಲ, ಎತ್ತುತ್ತಾರೆ.

ಇನ್ನೊಬ್ಬ ಸದಸ್ಯ (ಸ್ವಿಫ್ಟ್, ಹುಬ್ಬಳ್ಳಿ):
ಅಣ್ಣಾ, ನಾನು ಇಷ್ಟೆಲ್ಲ ಓದದೆ ಒಂದು ಗ್ಯಾರೇಜಲ್ಲಿ ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಸಿದೆ. 2018ರ ಮಾಡೆಲ್. ದುಡ್ಡು ಕಡಿಮೆ ಆಯ್ತು ಅಂತ ಖುಷಿಯಲ್ಲಿದ್ದೆ. ಈಗ ಹಂಪ್ ಇಳಿಯುವಾಗ ಮುಂದೆ ಟಣ್ ಅಂತ ಸದ್ದು. ಟೈರೂ 195/55 ಆರ್15 ಹಾಕಿದ್ದೇನೆ.

ಉತ್ತರ:
ಆ ಸದ್ದು ಬರುವುದು ಸ್ಪ್ರಿಂಗ್ ತನ್ನ ಸೀಟಿನಿಂದ ಸಡಿಲವಾಗಿ ಮತ್ತೆ ಬಂದು ಕೂರುವಾಗ. ಜಾಕ್ ಹಾಕಿ ಚಕ್ರ ಇಳಿಬಿಡಿ, ಕೈಯಲ್ಲಿ ಸ್ಪ್ರಿಂಗ್ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಆ ಗಾಡಿಯನ್ನು ಹೈವೇಗೆ ತೆಗೆದುಕೊಂಡು ಹೋಗಬೇಡಿ. ಕಟ್ ಮಾಡಿದ ತುದಿ ಸೀಟಿನ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ದರೆ ಇನ್ನೂ ಕೆಟ್ಟದ್ದು, ಬಿಸಿಗೆ ಅಲ್ಲಿನ ಉಕ್ಕಿನ ಹದ ಹೋಗಿರುತ್ತದೆ, ಮುರಿಯುವುದು ಅಲ್ಲೇ. ಕಂಪನಿ ಸ್ಪ್ರಿಂಗ್ ಒಂದು ಜೊತೆ ತಗೊಂಡು ಇವತ್ತೇ ಹಾಕಿಸಿ. ಇದರಲ್ಲಿ ಚೌಕಾಸಿ ಇಲ್ಲ.

ನಿಮ್ಮ ಟೈರ್ ವಿಷಯ: ಟಾಪ್ ಮಾಡೆಲಿಗೆ ಕಂಪನಿ ಕೊಡುವುದು 185/65 ಆರ್15. ಅದರಿಂದ 195/55ಕ್ಕೆ ಬಂದರೆ ಟೈರಿನ ಸುತ್ತಳತೆ ಸಣ್ಣದಾಗಿ ಗಾಡಿ 13 ಮಿಮೀ ಇಳಿಯುತ್ತದೆ. ಸ್ವಿಫ್ಟಿನ 163ರಲ್ಲಿ ಅದೇನು ಕಡಿಮೆಯಲ್ಲ. ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ. 195/60 ಆರ್15 ಹಾಕಿದ್ದರೆ 3 ಮಿಮೀ ಅಷ್ಟೇ ಹೋಗುತ್ತಿತ್ತು.

ಮತ್ತೊಬ್ಬ ಸದಸ್ಯೆ (ಮಂಗಳೂರು):
ಕಾಯಿಲೋವರ್ ಬಗ್ಗೆ ಹೇಳಲೇ ಇಲ್ಲ ಸರ್. ಊರಲ್ಲಿ ಎತ್ತರ, ಟ್ರ್ಯಾಕಲ್ಲಿ ತಗ್ಗು ಮಾಡಿಕೊಳ್ಳಬಹುದಲ್ವಾ? ಆರ್‌ಟಿಓ, ಇನ್ಶೂರೆನ್ಸ್ ತೊಂದರೆ ಏನಾದರೂ ಇದೆಯಾ?

ಉತ್ತರ:
ಮಾಡಿಕೊಳ್ಳಬಹುದು ಮೇಡಂ, ಆದರೆ ಪ್ರತಿ ಸಲ ಎತ್ತರ ಬದಲಿಸಿದಾಗ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಹೆಡ್‌ಲೈಟ್ ಮಟ್ಟವೂ ನೋಡಬೇಕು. ನನ್ನ ಹತ್ತಿರ ಹಾಕಿಸಿಕೊಂಡವರಲ್ಲಿ ಎರಡನೇ ಸಲ ಎತ್ತರ ಬದಲಿಸಿದವರು ಬೆರಳೆಣಿಕೆ. ನಮ್ಮ ಮಳೆಗಾಲದ ಕೆಸರು ಎತ್ತರ ಬದಲಿಸುವ ಥ್ರೆಡ್ಡಿನೊಳಗೆ ಹೋಗಿ ಕೂತರೆ ಒಂದು ವರ್ಷದಲ್ಲಿ ಅದರ ಮೇಲೆ ತಿರುಗಬೇಕಾದ ರಿಂಗ್ ಹಿಡಿದುಕೊಳ್ಳುತ್ತದೆ. ಮಂಗಳೂರಿನ ಕಡಲ ಗಾಳಿಗೆ ಇನ್ನೂ ಬೇಗ. ಅಗ್ಗದ ಕಾಯಿಲೋವರಿಗಿಂತ ಒಳ್ಳೇ ಶಾಕಪ್ ಮೇಲು. ದುಬಾರಿ ಕಾಯಿಲೋವರ್ ಒಳ್ಳೆಯದೇ, ವರ್ಷಕ್ಕೆ ನಾಲ್ಕು ಸಲ ಟ್ರ್ಯಾಕಿಗೆ ಹೋಗುವವರಿಗೆ.

ಕಾನೂನು ಅಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂತು. ಅದೇ ಅಳತೆಯ, ಅದೇ ಎತ್ತರ ಕೊಡುವ ಬೇರೆ ಕಂಪನಿಯ ಶಾಕಪ್ ಹಾಕುವುದು ರಿಪೇರಿ ಲೆಕ್ಕ. ನೆಲ ಮುಟ್ಟುವ ಹಾಗೆ ಇಳಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸದೆ ಮಾಡಿಸಿದರೆ, ಅಪಘಾತ ಆದಾಗ ಕ್ಲೇಮ್ ತಳ್ಳಿಹಾಕಲು ನೀವೇ ಅವರ ಕೈಗೆ ಕಾರಣ ಕೊಟ್ಟ ಹಾಗೆ.

ಪೋಲೋ ಮಾಲೀಕ:
ಅರ್ಥ ಆಯಿತು ಸರ್. ಆದರೂ ಒಂದು 25, 30 ಇಳಿದರೆ ನನ್ನ ದಾರಿಯಲ್ಲಿ ನಿಜವಾಗಿ ತಾಗುತ್ತಾ ಅಂತ ದುಡ್ಡು ಹಾಕುವ ಮೊದಲೇ ತಿಳಿಯುವ ದಾರಿ ಇದೆಯಾ? ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪ್ ನೆನೆಸಿಕೊಂಡರೆ ಭಯ.

ಉತ್ತರ:
ಇದೆ, ಖರ್ಚು ಒಂದು ಊಟ. ನಾಲ್ಕು ಜನ ದಪ್ಪ ಗೆಳೆಯರನ್ನು ಕರೆಯಿರಿ. ನಾಲ್ವರೂ ಸೇರಿ 280 ಕೆಜಿ ಇರಲಿ. ಚಕ್ರಕ್ಕೆ 70 ಕೆಜಿ ಬಿತ್ತು. ಇಂಥ ಗಾಡಿಗೆ ಅಷ್ಟು ಭಾರಕ್ಕೆ ಸರಾಸರಿ 25ರಿಂದ 30 ಮಿಮೀ ಇಳಿಯುತ್ತದೆ, ಹಿಂದೆ ಸ್ವಲ್ಪ ಜಾಸ್ತಿ, ಮುಂದೆ ಸ್ವಲ್ಪ ಕಡಿಮೆ. ಅವರನ್ನು ಕೂರಿಸಿಕೊಂಡು ದಿನಾ ಹೋಗುವ ದಾರಿಯನ್ನೆಲ್ಲ ನಿಧಾನಕ್ಕೆ ಸುತ್ತಿ. ಈಗ ಎಲ್ಲಿ ತಳ ತಾಗುತ್ತದೋ, ಲೋ ಮಾಡಿಸಿದ ಮೇಲೆ ನೀವೊಬ್ಬರೇ ಇದ್ದಾಗಲೂ ಅಲ್ಲಿ ತಾಗುತ್ತದೆ. ಆಮೇಲೆ ಅದೇ ಗಾಡಿಗೆ ಅಮ್ಮ, ಮಗಳು, ಲಗೇಜ್ ಹತ್ತಬೇಕು ಅನ್ನುವುದನ್ನು ಮರೆಯಬೇಡಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಮೀ ಎತ್ತರ, 3.7 ಮೀಟರ್ ಅಗಲ. ಅದರ ಮೇಲೆ ಲೋ ಮಾಡಿದ ಗಾಡಿಯೂ ಆರಾಮಾಗಿ ದಾಟುತ್ತದೆ. ಆದರೆ ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್ಸ್ ಆ ಪುಸ್ತಕ ಓದಿ ಹುಟ್ಟಿರುವುದಿಲ್ಲ. ಎತ್ತರ ಜಾಸ್ತಿ, ಅಗಲ ಒಂದು ಮೊಳ. ಹೊಟ್ಟೆಗೆ ಸಿಗುವುದು ಅಂಥವು. ರ‍್ಯಾಂಪಿನ ತುದಿಯಲ್ಲೂ ಅದೇ. ನಿಮ್ಮ ವೀಲ್‌ಬೇಸ್ ಸುಮಾರು 2.46 ಮೀಟರ್. ಕ್ಲಿಯರೆನ್ಸ್ 165 ಇದ್ದರೆ ಇಳಿಜಾರು ಮಟ್ಟಕ್ಕೆ ಸೇರುವಲ್ಲಿ ಸುಮಾರು 15 ಡಿಗ್ರಿ ಮುರಿವನ್ನು ಹೊಟ್ಟೆ ತಾಗದೆ ದಾಟಬಹುದು, 135 ಆದರೆ ಹನ್ನೆರಡೂವರೆಗೆ ಬರುತ್ತದೆ.

ಪೋಲೋ ಮಾಲೀಕ (ಮೂರು ದಿನದ ನಂತರ):
ಸರ್, ಬಿರಿಯಾನಿ ಖರ್ಚಾಯಿತು, ಉತ್ತರ ಸಿಕ್ಕಿತು. ಬೇಸ್‌ಮೆಂಟ್ ರ‍್ಯಾಂಪ್ ಪಾಸ್. ಮಗಳ ಸ್ಕೂಲ್ ಹತ್ತಿರದ ಎರಡು ಹಂಪ್ಸ್‌ನಲ್ಲಿ ತಳ ಉಜ್ಜಿತು, ಅಲ್ಲಿ ದಿನಕ್ಕೆ ಎರಡು ಸಲ ಹೋಗಲೇಬೇಕು. ಹಿಂದಿನ ಎಡ ಶಾಕಪ್ ಮೇಲೆ ಎಣ್ಣೆ ಇಳಿದು ಧೂಳು ಅಂಟಿರುವುದೂ ಕಂಡಿತು. ಲೋ ಮಾಡಿಸುವ ಆಸೆ ಸದ್ಯಕ್ಕೆ ಬಿಟ್ಟೆ. ಬರೀ ಶಾಕಪ್ ಆದರೆ ಏನೇನು ತರಿಸಲಿ?

ಉತ್ತರ:
ಕಂಪನಿ ಸ್ಪ್ರಿಂಗ್ ಇರಲಿ. ನಾಲ್ಕೂ ಶಾಕಪ್ ಒಟ್ಟಿಗೆ ಬದಲಿಸಿ. ಬಿಲ್‌ಸ್ಟೈನ್ ಕಂಪನಿಯ ಶಾಕಪ್ ನೋಡುವುದಾದರೆ ಬಿ6 ಮಾಡೆಲ್ ಕೇಳಿ, ಬಿ8 ಅಲ್ಲ. ಬಿ8 ಇಳಿಸಿದ ಗಾಡಿಗೆ ಅಂತಲೇ ಗಿಡ್ಡ ಮಾಡಿದ್ದು. ನಿಮ್ಮ ಚಾಸಿ ನಂಬರ್ ಕೊಟ್ಟು ಸ್ಟ್ರಟ್ಟಿನ ವ್ಯಾಸ ಹೊಂದುತ್ತದಾ ಅಂತ ಕೇಳಿಕೊಂಡೇ ತರಿಸಿ. ಅಷ್ಟು ದುಡ್ಡು ಬೇಡ ಅಂದರೆ ಕಂಪನಿಯ ಹೊಸ ಶಾಕಪ್ಪೂ ಸಾಕು. ಗಾಡಿ ಹೊಸದಿದ್ದಾಗ ಹೇಗಿತ್ತು ಅಂತ ನೀವು ನೋಡೇ ಇಲ್ಲವಲ್ಲ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಜೊತೆಗೆ ಮುಂದಿನ ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್, ಲಿಂಕ್ ರಾಡ್ ತರಿಸಿ. ಹೇಗೂ ಬಿಚ್ಚುತ್ತಾರೆ, ಮಜೂರಿ ಒಂದೇ. ಲೋವರ್ ಆರ್ಮ್ ಬುಷ್ ಬಿರುಕು ಬಿಟ್ಟಿದ್ದರೆ ಅದೂ ಹೊಸದು.

ಕೆಲಸ ಮಾಡುವಾಗ ಹತ್ತಿರ ನಿಂತುಕೊಳ್ಳಿ, ಒಂದೇ ಒಂದು ವಿಷಯ ನೋಡಲು. ಲೋವರ್ ಆರ್ಮಿನ ಬೋಲ್ಟ್, ಹಿಂದಿನ ಬೀಮಿನ ಬೋಲ್ಟ್ ಬಿಚ್ಚಿದ್ದರೆ, ಗಾಡಿ ಲಿಫ್ಟ್ ಮೇಲೆ ಚಕ್ರ ಇಳಿಬಿಟ್ಟು ನಿಂತಿರುವಾಗ ಅವನ್ನು ಪೂರ್ತಿ ಬಿಗಿ ಮಾಡಲು ಬಿಡಬೇಡಿ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಬುಷ್ ಇಡೀ ದಿನ ತಿರುಚಿಕೊಂಡೇ ಇರುತ್ತದೆ, ವರ್ಷದೊಳಗೆ ಹರಿಯುತ್ತದೆ. ಬಿಚ್ಚುವ ಮೊದಲು ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ಮುಗಿದ ಮೇಲೆ ಮತ್ತೆ ಅಳೆಯಿರಿ. ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತಗೊಳ್ಳಿ. ಅಳತೆ, ಪ್ರಿಂಟ್ ಎರಡೂ ಇಲ್ಲಿ ಹಾಕಿ, ನೋಡುತ್ತೇನೆ.