ಸಹಾಯ ಬೇಕು: ಕೊರಿಯರ್‌ನವರ ಕಸ್ಟಮ್ಸ್ ಶುಲ್ಕ ತಗ್ಗಿಸುವುದು ಹೇಗೆ?

ಮುಂಬಯಿಯ ಕನ್ನಡ ಬಂಧುಗಳಿಗೆ ನಮಸ್ಕಾರ. ಪಿಟೀಲು ಕಲಿಯುತ್ತಿರುವ ಮಗಳಿಗಾಗಿ ಜರ್ಮನಿಯಿಂದ ತಂತಿಗಳನ್ನು ಡೊಂಬಿವಲಿಗೆ ತರಿಸಿದೆ. ಸುಂಕ, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಸರ್ಕಾರಕ್ಕೆ ಸಲ್ಲಬೇಕಾದದ್ದು, ತಕರಾರಿಲ್ಲ. 2019ರ ಡಿಸೆಂಬರ್‌ನಿಂದ ರಾಖಿ, ಜೀವರಕ್ಷಕ ಔಷಧಿ ಬಿಟ್ಟರೆ ಉಡುಗೊರೆಗೂ ವಿನಾಯಿತಿ ಇಲ್ಲವೆಂಬುದೂ ಗೊತ್ತು. ಆದರೆ ಕೊರಿಯರ್ ಬಿಲ್ಲಿನ ಕೊನೆಯಲ್ಲಿ, ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ‘ಸುಂಕ ಮುಂಗಡ ಪಾವತಿ ಶುಲ್ಕ’ ಎಂದು ಬೇರೆಯೇ ಸಾಲು, ಅದರ ಮೇಲೆ ಮತ್ತೆ ಶೇ. 18 ಜಿಎಸ್‌ಟಿ! ಅಂಗೈಯಗಲದ ಲಕೋಟೆಗೆ ಇಷ್ಟೊಂದು ಸುಲಿಗೆಯೇ?

ಮುಂದಿನ ಸಲ ಅಂಚೆಯಲ್ಲೇ ಕಳುಹಿಸಲು ಅಂಗಡಿಯವರನ್ನು ಕೇಳಬೇಕೆಂದಿದ್ದೇನೆ. ಬಲ್ಲಾರ್ಡ್ ಪಿಯರ್‌ನ ವಿದೇಶಿ ಅಂಚೆ ಕಚೇರಿಯ ಮೂಲಕ ತರಿಸಿದವರಿದ್ದೀರಾ? ಸುಂಕದ ಜೊತೆಗೆ ಅಂಚೆಯವರು ಎಷ್ಟು ತೆಗೆದುಕೊಂಡರು, ಎಷ್ಟು ದಿನ ಹಿಡಿಯಿತು? ಕೊರಿಯರ್‌ನಲ್ಲೇ ಸುಂಕವನ್ನು ಮೊದಲೇ ಕಟ್ಟಿ ಈ ಶುಲ್ಕ ತಪ್ಪಿಸಿಕೊಂಡವರಿದ್ದರೆ ದಯವಿಟ್ಟು ದಾರಿ ಹೇಳಿ. ನವರಾತ್ರಿಯ ಕಛೇರಿಗೆ ಮುಂಚೆ ಇನ್ನೊಂದು ಜೊತೆ ಬೇಕಾಗಿದೆ.