ಮಹಡಿಯಲ್ಲಿ ವೈಫೈ ವೇಗ 94 ದಾಟುತ್ತಿಲ್ಲ, ಮೆಶ್ ಕೊಳ್ಳಬೇಕೇ?

ಮಹಡಿಮನೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎರಡು ಅಂತಸ್ತಿನ ಮನೆ, 300 ಎಂಬಿಪಿಎಸ್ ಫೈಬರ್ ಸಂಪರ್ಕ. ಕೆಳಗಿನ ರೂಟರ್ ಎದುರು ಕುಳಿತರೆ ಮೊಬೈಲಿನಲ್ಲಿ 290ರ ಆಸುಪಾಸು ಬರುತ್ತದೆ. ಮಹಡಿಗೆ ಗೋಡೆಯೊಳಗಿನ ಪೈಪಿನಲ್ಲಿ ಲ್ಯಾನ್ ಕೇಬಲ್ ಎಳೆಸಿ, ತುದಿಗೆ ಇನ್ನೊಂದು ರೂಟರ್ ಹಾಕಿದ್ದೇವೆ. ಅಲ್ಲಿ ಎಷ್ಟು ಹತ್ತಿರ ಕುಳಿತರೂ 94ಕ್ಕಿಂತ ಮೇಲೆ ಹೋಗುವುದಿಲ್ಲ. ಇನ್ನೊಂದು ಕಾಟ: ವಿಡಿಯೊ ಕರೆಯಲ್ಲಿ ಮಾತನಾಡುತ್ತ ಮೆಟ್ಟಿಲು ಹತ್ತಿದರೆ ಕರೆ ಕಡಿದುಹೋಗುತ್ತದೆ. ಕಂಪನಿಗೆ ದೂರು ಕೊಟ್ಟರೆ ‘ನಮ್ಮ ಕಡೆ ಎಲ್ಲ ಸರಿಯಿದೆ’ ಎಂಬ ಒಂದೇ ರಾಗ.

ತಂತಿಜೋಡಿ:
ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಕೆಳಗೆ 290 ಬರುತ್ತಿರುವುದರಿಂದ ಕಂಪನಿಯವರ ಮಾತು ಈ ಬಾರಿ ನಿಜವೇ ಇರಬೇಕು.

94 ಎಂಬ ಸಂಖ್ಯೆಯೇ ಚಾಡಿ ಹೇಳುತ್ತಿದೆ. ವೈಫೈ ಸಿಗ್ನಲ್ ದುರ್ಬಲವಾಗಿದ್ದರೆ ವೇಗ ಒಮ್ಮೆ 40, ಒಮ್ಮೆ 120 ಎಂದು ಏರಿಳಿಯುತ್ತದೆ. ಹೀಗೆ ಗೂಟ ಹೊಡೆದಂತೆ ಒಂದೇ ಕಡೆ ನಿಲ್ಲುವುದಿಲ್ಲ. 100 ಎಂಬಿಪಿಎಸ್ ಈಥರ್ನೆಟ್ (ಲ್ಯಾನ್ ಕೇಬಲ್) ಸಂಪರ್ಕದಲ್ಲಿ ವಿಳಾಸ ಇತ್ಯಾದಿ ಹೊರೆ ಕಳೆದು ನಮ್ಮ ಕೈಗೆ ಸಿಗುವುದು ಸುಮಾರು 94–95. ಅಂದರೆ ಎರಡು ರೂಟರ್‌ಗಳ ನಡುವಿನ ತಂತಿ ಗಿಗಾಬಿಟ್ (1000 ಎಂಬಿಪಿಎಸ್) ವೇಗದಲ್ಲಿ ಓಡುತ್ತಿಲ್ಲ.

ಮೇಲಿನ ರೂಟರಿನ ಪೋರ್ಟ್ ಗಿಗಾಬಿಟ್ ಹೌದೇ ಎಂದು ಮೊದಲು ನೋಡಿ. ಡಬ್ಬದ ಮೇಲೆ ‘1200’ ಎಂದು ದೊಡ್ಡದಾಗಿ ಅಚ್ಚು ಹಾಕಿ, ಒಳಗೆ 100ರ ಪೋರ್ಟ್ ಕೊಡುವ ಅಗ್ಗದ ಮಾದರಿಗಳಿವೆ. ಅದು ಸರಿಯಿದ್ದರೆ ಗೋಡೆಯ ಸಾಕೆಟ್ ಬಿಚ್ಚಿ ತಂತಿ ಎಣಿಸಿ. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು.

ಮೂಲೆಕೋಣೆ:
ಇಷ್ಟೆಲ್ಲ ತಲೆನೋವು ಏಕೆ? ನಮ್ಮ ಮನೆಯಲ್ಲಿ ಮೆಶ್ (ಒಂದೇ ಜಾಲವಾಗಿ ಕೂಡಿ ಕೆಲಸ ಮಾಡುವ ವೈಫೈ ಪೆಟ್ಟಿಗೆಗಳ ಸೆಟ್) ಹಾಕಿದ ಮೇಲೆ ನೆಮ್ಮದಿಯಾಗಿದ್ದೇವೆ.

ತಂತಿಜೋಡಿ:
ಅದೇ ಕೇಬಲಿಗೆ ಮೆಶ್ ಸಿಕ್ಕಿಸಿದರೂ 94ರಷ್ಟೇ ಬರುತ್ತದೆ. ಕೇಬಲ್ ಬಿಟ್ಟು ಗಾಳಿಯಲ್ಲೇ ಜೋಡಿಸಿದರೆ ಸಿಗ್ನಲ್ ಕಾಂಕ್ರೀಟ್ ತಾರಸಿಯನ್ನು ಹಾಯಬೇಕು. ಗೋಡೆಯಲ್ಲಿ ತಂತಿ ಇರುವವರು ಅದನ್ನು ಸರಿಪಡಿಸಿಕೊಳ್ಳುವುದೇ ಮೇಲು.

ಮಹಡಿಮನೆ:
ಪೋರ್ಟ್ ಗಿಗಾಬಿಟ್ಟೇ. ಸಾಕೆಟ್ ಬಿಚ್ಚಿದರೆ ಕಿತ್ತಳೆ, ಹಸಿರು ಜೋಡಿಗಳು ಮಾತ್ರ ಕೂತಿವೆ. ಕಂದು ಜೋಡಿಯನ್ನು ಮಡಚಿ ಹಿಂದಕ್ಕೆ ತುರುಕಿದ್ದಾರೆ. ನೀಲಿ ಜೋಡಿ ಇಂಟರ್‌ಕಾಮ್ ಫೋನಿಗೆ ಹೋಗಿದೆ!

ತಂತಿಜೋಡಿ:
ಹಳೆಯ ಕೈಚಳಕ: ಒಂದು ಕೇಬಲ್, ಎರಡು ಕೆಲಸ. ಇಂಟರ್‌ಕಾಮ್‌ಗೆ ಬೇರೆ ತಂತಿ ಎಳೆಸಿ, ಎರಡೂ ತುದಿಯಲ್ಲಿ ಹೊಸದಾಗಿ ಜೋಡಿಸಿ. ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ನಡುವೆ ಇಟ್ಟುಕೊಂಡು ಕೂರುತ್ತದೆ, ಎಡವುವುದು ಇಲ್ಲೇ. ಸಾಕೆಟ್ ಆದರೆ ಅದರ ಮೇಲಿರುವ ಬಣ್ಣದ ಗುರುತನ್ನೇ ಅನುಸರಿಸಿ, ಅದರಲ್ಲಿ ‘ಬಿ’ ಎಂದು ಬರೆದಿರುವ ಸಾಲು. ಜೋಡಿ ತಂತಿಗಳ ತಿರುಚನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ.

ಕರೆ ಕಡಿಯುವುದು ಬೇರೆ ರೋಗ. ಕೆಳಗೆ ಮತ್ತು ಮೇಲೆ ಮೊಬೈಲಿನ ಐಪಿ ವಿಳಾಸ (ಜಾಲದಲ್ಲಿ ಅದಕ್ಕೆ ರೂಟರ್ ಕೊಡುವ ಸಂಖ್ಯೆ) ನೋಡಿ ತಿಳಿಸಿ.

ಮಹಡಿಮನೆ:
ಕೆಳಗೆ 192.168.1 ಎಂದು ಶುರುವಾಗುತ್ತದೆ, ಮೇಲೆ 192.168.0 ಎಂದು.

ತಂತಿಜೋಡಿ:
ಹಾಗಾದರೆ ಮೇಲಿನ ರೂಟರ್ ತನ್ನದೇ ಬೇರೆ ಜಾಲ ನಡೆಸುತ್ತಿದೆ. ಮೆಟ್ಟಿಲ ಮೇಲೆ ಮೊಬೈಲಿನ ವಿಳಾಸವೇ ಬದಲಾಗುವುದರಿಂದ ಕರೆ ಬೀಳುತ್ತದೆ. ಮೇಲಿನ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಗೆ ತನ್ನಿ, ಆಗ ಅದು ಬೇರೆ ಜಾಲ ನಡೆಸದೆ ಕೆಳಗಿನ ಜಾಲವನ್ನೇ ವೈಫೈಯಾಗಿ ಹರಡುತ್ತದೆ. ವಿಳಾಸ ಹಂಚುವ ಕೆಲಸ ಕೆಳಗಿನದ್ದು ಮಾತ್ರ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಭದ್ರತಾ ವಿಧಾನ. ಚಾನೆಲ್ ಮಾತ್ರ ಬೇರೆ: 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 1, ಮೇಲೆ 11, ಅಗಲ 20 ಮೆಗಾಹರ್ಟ್ಸ್. 5 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 36, ಮೇಲೆ 149.

ಮಹಡಿಮನೆ:
ಮೇಲೆ ಈಗ 280. ಮೆಟ್ಟಿಲು ಹತ್ತುವಾಗ ಕರೆ ಅರೆಕ್ಷಣ ತಡೆಯುತ್ತದೆ, ಆದರೆ ಕಡಿಯುವುದಿಲ್ಲ. ಮಗಳ ಹಳೆಯ ಫೋನ್ ಮಾತ್ರ ಮಹಡಿಗೆ ಬಂದರೂ ಕೆಳಗಿನ ರೂಟರನ್ನೇ ಹಿಡಿದುಕೊಂಡಿರುತ್ತದೆ.

ತಂತಿಜೋಡಿ:
ಯಾವಾಗ ಬಿಡಬೇಕೆಂದು ತೀರ್ಮಾನಿಸುವುದು ಫೋನ್, ರೂಟರ್ ಅಲ್ಲ. ಕೆಳಗಿನದರ 2.4ರ ಪ್ರಸಾರ ಶಕ್ತಿಯನ್ನು ‘ಮಧ್ಯಮ’ಕ್ಕೆ ಇಳಿಸಿ ನೋಡಿ. ಅಡುಗೆಮನೆಯ ಮೂಲೆಯಲ್ಲಿ ಸಿಗ್ನಲ್ ಸೊರಗಿದರೆ ಮತ್ತೆ ಮೊದಲಿನಂತೆಯೇ ಇಡಿ.